ಮಾಹಿತಿಗಾಗಿ ಪ್ರತಿ

ರಾಂಚಿ
4 ಫೆಬ್ರವರಿ 2024

ಪ್ರೀತಿಯ ಸಾರ್,

ನಾಗರಬಾವಿಯ ನಿಮ್ಮ ಮಹಡಿ ರೂಮು ಖಾಲಿ ಮಾಡಿ ಬಂದು ತಿಂಗಳಾಗುತ್ತಾ ಬಂತು. ಇಲ್ಲಿನ ಕಾನೂನು ನೆರವಿನ ಕಚೇರಿಯಲ್ಲಿ ನನಗೊಂದು ಮೇಜು, ಒಂದು ಕಾಲು ಗಿಡ್ಡವಾದ ಕುರ್ಚಿ ಕೊಟ್ಟಿದ್ದಾರೆ. ಚಳಿಗೆ ನಿಮ್ಮ ಮೆಣಸಿನ ಕಷಾಯ ನೆನಪಾಗುತ್ತದೆ. ಕುಡಿಯುವಾಗ ಎಷ್ಟು ಬೈದುಕೊಂಡಿದ್ದೆನೋ!

ಕೆಲಸದ ವಿಷಯಕ್ಕೆ ಬರುತ್ತೇನೆ. ನಿಮ್ಮ ಮಗಳ ಹೆಸರಿನ ‘ಸೌಂದರ್ಯಾ ಬಳಗ’ಕ್ಕೆ ಇನ್ನು ವಾಟ್ಸಾಪ್ ಗುಂಪು ಬೇಡ. ಗಂಡನ ಮನೆಯ ಹೊಡೆತ ತಾಳದೆ ಹೊರಬಂದ ಹೆಂಗಸರ ನಂಬರುಗಳೆಲ್ಲ ಒಬ್ಬರದು ಒಬ್ಬರಿಗೆ ಕಾಣುವಂತಿದ್ದರೆ ಒಂದಲ್ಲ ಒಂದು ದಿನ ಅನಾಹುತವಾಗುತ್ತದೆ. ಇಮೇಲ್ ಸಾಕು. ‘ಟು’ ಎಂದಿರುವಲ್ಲಿ ನಿಮ್ಮದೇ ವಿಳಾಸ ಹಾಕಿ. ಉಳಿದ ಎಲ್ಲರದ್ದೂ ‘ಬಿಸಿಸಿ’ಯಲ್ಲಿ, ಅಲ್ಲಿ ಹಾಕಿದ ವಿಳಾಸ ಬೇರೆ ಯಾರಿಗೂ ಕಾಣುವುದಿಲ್ಲ. ‘ಸಿಸಿ’ಯನ್ನು ಮುಟ್ಟಲೇಬೇಡಿ. ಇದನ್ನು ಒಂದು ಲಕೋಟೆ ಅಂದುಕೊಳ್ಳಿ. ಲಕೋಟೆಯ ಮೇಲೆ ಬರೆದದ್ದು ಕಂಡವರ ಕಣ್ಣಿಗೆಲ್ಲ ಬೀಳುತ್ತದೆ, ಅದಕ್ಕೇ ಅಲ್ಲಿ ಅವರ ವಿಳಾಸ ಇರಬಾರದು.

ಬಿಸಿಸಿಯಲ್ಲಿರುವವರು ಯಾವತ್ತೂ ‘ರಿಪ್ಲೈ ಆಲ್’ ಒತ್ತಬಾರದು, ಇದನ್ನು ಎಲ್ಲರಿಗೂ ಹೇಳಿಡಿ. ‘ಟು’ವಿನಲ್ಲಿ ಬೇರೆ ಯಾರಾದರೂ ಇದ್ದಾಗ ಒತ್ತಿದರೆ ಉತ್ತರ ಅವರಿಗೂ ಹೋಗುತ್ತದೆ, ಪರದೆಯ ಹಿಂದೆ ನಿಂತವರು ತಾವಾಗಿಯೇ ಈಚೆ ಬಂದು ‘ನಾನೂ ಇಲ್ಲೇ ಇದ್ದೆ’ ಎಂದು ಹೇಳಿಕೊಂಡಂತೆ. ಇನ್ನು, ಕಳುಹಿಸಿದ ಪತ್ರವನ್ನು ವಾಪಸ್ ಎಳೆದುಕೊಳ್ಳಲು ಮೂವತ್ತು ಸೆಕೆಂಡು ಸಿಗುವಂತೆ ನಿಮ್ಮ ಸೆಟ್ಟಿಂಗ್ ಬದಲಾಯಿಸಿಯೇ ಬಂದಿದ್ದೇನೆ.

ಮರೆತಿದ್ದೆ, ಬಳಗದ ವರಲಕ್ಷ್ಮಿ ಹೊಸ ಇಮೇಲ್ ಐಡಿ ಮಾಡಿಕೊಂಡಿದ್ದಾಳೆ. ಹಳೆಯದನ್ನು ಗಂಡ ಮಂಜುನಾಥನೇ ಮಾಡಿಕೊಟ್ಟಿದ್ದನಂತೆ. ಹೊಸದನ್ನು ಕೆಳಗೆ ಕೊಟ್ಟಿದ್ದೇನೆ, ಸೇರಿಸಿಕೊಳ್ಳಿ.

ನಿಮ್ಮ
ಮಾಲವಿಕಾ

*

ನಾಗರಬಾವಿ, ಬೆಂಗಳೂರು
7 ಫೆಬ್ರವರಿ 2024

ಚಿ. ಮಾಲವಿಕಾಳಿಗೆ ಚನ್ನವೀರಪ್ಪನ ಆಶೀರ್ವಾದಗಳು.

ನಿನ್ನ ಪತ್ರವನ್ನು ಮೂರು ಸಲ ಓದಿ, ಪ್ರಿಂಟು ತೆಗೆಸಿ, ಕಡತದಲ್ಲಿ ಹಾಕಿಕೊಂಡೆ. ನೀನು ನಗುತ್ತೀ ಎಂದು ಗೊತ್ತು. ಶಾಖಾಧಿಕಾರಿಯಾಗಿ ನಿವೃತ್ತನಾದವನಿಗೆ ಕಡತವಿಲ್ಲದೆ ಊಟ ರುಚಿಸುವುದಿಲ್ಲ ಎಂದು ನೀನೇ ಹೇಳುತ್ತಿದ್ದೆಯಲ್ಲ.

ಆದರೆ ಈ ಬಿಸಿಸಿ ನನಗೆ ಅಷ್ಟು ಸರಿಬರಲಿಲ್ಲ, ತಾಯಿ. ನನ್ನ ಸರ್ವಿಸಿನಲ್ಲಿ ಬರೆದ ಪ್ರತಿಯೊಂದು ಪತ್ರದ ಕೆಳಗೂ ಯಾರ್‍ಯಾರಿಗೆ ಪ್ರತಿ ಹೋಗಿದೆ ಎಂದು ಹೆಸರು ಹಾಕಿದ್ದೇನೆ. ಹೆಸರು ಹಾಕದೆ ಇನ್ನೊಬ್ಬನಿಗೆ ಪ್ರತಿ ಕಳುಹಿಸುವುದು ಚಾಡಿ ಹೇಳಿದ ಹಾಗೆ ಎಂದು ನನ್ನ ಮೇಲಧಿಕಾರಿಯೊಬ್ಬರು ಕಲಿಸಿದ್ದರು. ಲಕೋಟೆಯ ಮಾತು ಹೇಳಿದೆಯಲ್ಲ, ಅದರಿಂದ ಸ್ವಲ್ಪ ಸಮಾಧಾನವಾಯಿತು. ಮೇಲಿನದನ್ನು ಟಪಾಲಿನವನೂ ನೋಡುತ್ತಾನೆ, ಒಳಗಿನದು ಪಡೆದವರಿಗೆ ಮಾತ್ರ. ಸರಿ, ಅರ್ಥವಾಯಿತು.

ವರಲಕ್ಷ್ಮಿ ಕುರುಬರಹಳ್ಳಿಯಲ್ಲಿ ನೀಲಮ್ಮನವರ ಮನೆಯ ಮೇಲಿನ ಶೀಟಿನ ರೂಮಿಗೆ ಬಂದಿದ್ದಾಳೆ. ಸೀರೆಗೆ ಕುಚ್ಚು ಕಟ್ಟುತ್ತಾಳೆ. ಹೋದ ಭಾನುವಾರ ಬಂದಾಗ ಉಗುರೆಲ್ಲ ರೇಷ್ಮೆ ದಾರದ ಬಣ್ಣ. “ಸಾರ್, ಬಾಪೂಜಿ ನಗರದಲ್ಲಿ ಇದ್ದಾಗ ಬಾಗ್ಲು ಸದ್ದಾದ್ರೆ ಎದೆ ಧಸಕ್ಕನ್ನೋದು. ಈಗ ಸದ್ದಾದ್ರೆ ಸೀರೆ ಬಂತು ಅಂತ ಎದ್ದೋಗ್ತೀನಿ” ಎಂದಳು. ಅವಳು ಅಲ್ಲಿರುವುದು ಬಳಗದವರಿಗೆ, ಅವಳ ತಾಯಿಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಆ ರಾತ್ರಿ ನನಗೆ ಒಳ್ಳೆಯ ನಿದ್ದೆ ಬಂತು.

ಚನ್ನವೀರಪ್ಪ

*

ರಾಂಚಿ
22 ಫೆಬ್ರವರಿ 2024

ಪ್ರೀತಿಯ ಸಾರ್,

ಕ್ಷಮಿಸಿ, ನಿಮ್ಮ ಏಳೆಂಟು ಪತ್ರಗಳಿಗೆ ಸೇರಿಸಿ ಒಂದೇ ಉತ್ತರ. ನಲ್ಲಿ ರಿಪೇರಿಯಾಗಿದ್ದು ಸಂತೋಷ. ಪಕ್ಕದ ಮನೆ ಹುಡುಗರ ಗಲಾಟೆಗೆ ನೀವು ಬರೆದ ದೂರನ್ನು ದಯವಿಟ್ಟು ಕೊಡಬೇಡಿ, ಪರೀಕ್ಷೆ ಮುಗಿದ ಮೇಲೆ ಅವರೇ ಸುಮ್ಮನಾಗುತ್ತಾರೆ.

ಬಿಸಿಸಿ ಚಾಡಿಯಲ್ಲ ಸಾರ್. ಕೆಲವರ ವಿಷಯದಲ್ಲಿ ಹೇಳದಿರುವುದೇ ಕಾಪಾಡಿದ ಹಾಗೆ.

ನನಗಿಲ್ಲಿ ದಿನಕ್ಕೆ ನೂರಾರು ಇಮೇಲ್. ಎಲ್ಲವನ್ನೂ ತಾನಾಗಿಯೇ ವಿಂಗಡಿಸುವಂತೆ ಫಿಲ್ಟರ್ ಹಾಕಿಕೊಂಡಿದ್ದೇನೆ. ನಿಮ್ಮ ಪತ್ರಗಳಿಗೆ ಬೇರೆಯೇ ಜಾಗವಿದೆ, ‘ನಾಗರಬಾವಿ’ ಎಂದು ಹೆಸರಿಟ್ಟಿದ್ದೇನೆ. ಮಾರ್ಚ್ ಒಂದರಿಂದ ಹಳ್ಳಿಗಳ ಕಡೆ ಪ್ರವಾಸ, ಫೋನ್ ಸಿಗುವುದು ಕಷ್ಟ.

ಮಾಲವಿಕಾ

*

ನಾಗರಬಾವಿ
2 ಮಾರ್ಚ್ 2024

ಚಿ. ಮಾಲವಿಕಾಳಿಗೆ ಆಶೀರ್ವಾದಗಳು.

ನನ್ನ ಪತ್ರಗಳಿಗೆ ನೀನು ಬೇರೆ ಜಾಗ ಇಟ್ಟಿರುವುದನ್ನು ಓದಿ ಮುದುಕನಿಗೆ ಹೆಮ್ಮೆಯಾಯಿತು. ಮಗಳಿದ್ದಿದ್ದರೆ ಅವಳೂ ಹಾಗೇ ಮಾಡುತ್ತಿದ್ದಳು.

ಬಳಗದ ಮೊದಲನೆಯ ಸುತ್ತೋಲೆಯ ಕರಡನ್ನು ಕೆಳಗಿಟ್ಟಿದ್ದೇನೆ. ನಿನ್ನ ಕಣ್ಣಿಗೆ ಬೀಳದೆ ಕಳುಹಿಸಲು ಧೈರ್ಯವಿಲ್ಲ.

‘ಸದಸ್ಯರಿಗೆಲ್ಲ ತಿಳಿಸುವುದೇನೆಂದರೆ, ಈ ತಿಂಗಳ ಸಭೆಗೆ ವಕೀಲರಾದ ಅಲಮೇಲು ಅವರು ಬರಲಿದ್ದಾರೆ. ಜೀವನಾಂಶ, ರಕ್ಷಣಾ ಆದೇಶದ ಬಗ್ಗೆ ಕೇಳುವುದಿದ್ದರೆ ಬರೆದುಕೊಂಡು ಬನ್ನಿ. ದಿನ, ಸ್ಥಳವನ್ನು ಫೋನಿನಲ್ಲಿ ತಿಳಿಸಲಾಗುವುದು.

ಪ್ರತಿ, ಮಾಹಿತಿಗಾಗಿ:
1. ಶ್ರೀಮತಿ ವರಲಕ್ಷ್ಮಿ, ನೀಲಮ್ಮನವರ ಮನೆಯ ಮಹಡಿ, ಹಿಟ್ಟಿನ ಗಿರಣಿ ಹಿಂದಿನ ಓಣಿ, ಕುರುಬರಹಳ್ಳಿ.’

ಹೀಗೆಯೇ ಉಳಿದವರದ್ದೂ ಇದೆ. ನಿನ್ನನ್ನು ಕೇಳುವುದು ಎರಡು. ಒಂದು, ಮೇಲೆ ಬಿಸಿಸಿ ಹಾಕಿರುವುದರಿಂದ ಒಳಗೆ ಪ್ರತಿಗಳ ಹೆಸರು, ವಿಳಾಸ ಇರಬಹುದಲ್ಲ? ಯಾರಿಗೆ ತಿಳಿಸಿದ್ದೇವೆ ಎಂಬುದು ಎಲ್ಲರಿಗೂ ಗೊತ್ತಿರಬೇಕು, ಅದು ಕ್ರಮ. ಎರಡು, ವರಲಕ್ಷ್ಮಿಗೆ ಹೊಸ ಐಡಿಯ ಜೊತೆಗೆ ಹಳೆಯದಕ್ಕೂ ಕಳುಹಿಸುತ್ತೇನೆ. ನೋಟಿಸನ್ನು ಕೊನೆಯದಾಗಿ ತಿಳಿದ ವಿಳಾಸಕ್ಕೂ ಕಳುಹಿಸುವುದು ನಮ್ಮಲ್ಲಿ ಪದ್ಧತಿ, ಒಂದು ತಪ್ಪಿದರೆ ಇನ್ನೊಂದು ಮುಟ್ಟುತ್ತದೆ.

ಗುರುವಾರದವರೆಗೆ ಕಾಯುತ್ತೇನೆ. ಆಕ್ಷೇಪಣೆ ಬಾರದಿದ್ದಲ್ಲಿ ಸಮ್ಮತಿ ಎಂದು ಭಾವಿಸಲಾಗುವುದು (ಬೇಸರ ಮಾಡಿಕೊಳ್ಳಬೇಡ, ಹಳೆಯ ಚಾಳಿ).

ಚನ್ನವೀರಪ್ಪ

*

2 ಮಾರ್ಚ್ 2024

ನಮಸ್ಕಾರ. ನಿಮ್ಮ ಪತ್ರ ತಲುಪಿದೆ. ನಾನು ಮಾರ್ಚ್ 20ರವರೆಗೆ ಪ್ರವಾಸದಲ್ಲಿರುತ್ತೇನೆ. ಮರಳಿದ ಮೇಲೆ ಅಗತ್ಯವಿದ್ದರೆ ಉತ್ತರಿಸುತ್ತೇನೆ. ಧನ್ಯವಾದಗಳು.
ಮಾಲವಿಕಾ

*

ನಾಗರಬಾವಿ
3 ಮಾರ್ಚ್ 2024

ಚಿ. ಮಾಲವಿಕಾಳಿಗೆ ಆಶೀರ್ವಾದಗಳು.

ಪತ್ರ ತಲುಪಿದೆ ಎಂದು ಪ್ರವಾಸದ ಗಡಿಬಿಡಿಯಲ್ಲೂ ತಕ್ಷಣವೇ ಬರೆದೆ, ನಿನ್ನ ಶಿಸ್ತನ್ನು ಮೆಚ್ಚಿದೆ. ‘ಅಗತ್ಯವಿದ್ದರೆ ಉತ್ತರಿಸುತ್ತೇನೆ’ ಎಂದಿದ್ದೀ. ತಪ್ಪಿದ್ದರೆ ಹೇಳುತ್ತೀ, ಇಲ್ಲದಿದ್ದರೆ ಸರಿಯಿದೆ ಎಂದು ತಿಳಿಯುತ್ತೇನೆ. ಹೊರಗಿನ ನೀರು ಕುಡಿಯಬೇಡ, ಕಾಯಿಸಿ ಕುಡಿ.

ಚನ್ನವೀರಪ್ಪ

*

ನಾಗರಬಾವಿ
8 ಮಾರ್ಚ್ 2024

ಚಿ. ಮಾಲವಿಕಾಳಿಗೆ ಆಶೀರ್ವಾದಗಳು.

ಗುರುವಾರ ಕಳೆಯಿತು. ಇವತ್ತು ಶಿವರಾತ್ರಿ, ಪೂಜೆ ಮುಗಿಸಿ ಸುತ್ತೋಲೆ ಕಳುಹಿಸಿದೆ. ಒತ್ತಿದ ಮೇಲೆ ಆ ಮೂವತ್ತು ಸೆಕೆಂಡು ಬೆರಳನ್ನು ಅಲ್ಲೇ ಇಟ್ಟುಕೊಂಡು ಕೂತಿದ್ದೆ. ಮನಸ್ಸು ಬದಲಾಗಲಿಲ್ಲ. ಈ ವಯಸ್ಸಿನಲ್ಲಿ ಹೊಸ ವಿದ್ಯೆ ಕಲಿತೆ ಎಂದು ಒಬ್ಬನೇ ನಕ್ಕೆ.

ಚನ್ನವೀರಪ್ಪ

*

ನಾಗರಬಾವಿ
19 ಮಾರ್ಚ್ 2024

ಮಾಲವಿಕಾ,

ಫೋನ್ ಹತ್ತುತ್ತಿಲ್ಲ. ಇದನ್ನಾದರೂ ನೋಡು.

ನಿನ್ನೆ ಬೆಳಿಗ್ಗೆ ಮಂಜುನಾಥ್ ಕುರುಬರಹಳ್ಳಿಗೆ ಬಂದಿದ್ದಾನೆ. ಕೈಯಲ್ಲೊಂದು ಸೀರೆಯ ಚೀಲ ಹಿಡಿದು ಕೆಳಗಿನ ಬಾಗಿಲು ಬಡಿದನಂತೆ. ಕುಚ್ಚಿಗೆ ಕೊಡಲು ಯಾರೋ ಬಂದರೆಂದು ಅವಳು ತಾನಾಗಿಯೇ ಇಳಿದು ಬಂದಿದ್ದಾಳೆ. ಚೀಲದಲ್ಲಿ ಮಚ್ಚಿತ್ತು. ನೀಲಮ್ಮ ಬಿಡಿಸಲು ಹೋಗಿ ಅವರ ಅಂಗೈ ಸೀಳಿದೆ. ವರಲಕ್ಷ್ಮಿ ತೀವ್ರ ನಿಗಾ ಘಟಕದಲ್ಲಿದ್ದಾಳೆ. ಡಾಕ್ಟರು ಏನನ್ನೂ ಹೇಳುತ್ತಿಲ್ಲ.

ಅವನನ್ನು ಹಿಡಿದಿದ್ದಾರೆ. ವಿಳಾಸ ಯಾರು ಕೊಟ್ಟರು ಎಂದರೆ “ಯಾರೋ ಹೇಳಿದ್ರು” ಎನ್ನುತ್ತಾನಂತೆ. ಓಣಿಯವರು ಆಗಲೇ ನೀಲಮ್ಮನ ಕಡೆ ಬೆರಳು ತೋರಿಸುತ್ತಿದ್ದಾರೆ. ಆಕೆ ಬ್ಯಾಂಡೇಜಿನ ಕೈ ಹಿಡಿದುಕೊಂಡು ನನ್ನ ಮುಂದೆ ಅತ್ತರು. “ಅಯ್ಯೋ ಸಾರ್, ನಾನ್ಯಾಕೆ ಹೇಳ್ಲಿ? ಒಂದೇ ತಟ್ಟೇಲಿ ಉಂಡಿದೀವಿ ನಾವಿಬ್ರೂ.”

ಅವನಿಗೆ ಹೇಗೆ ಗೊತ್ತಾಯಿತು, ತಾಯಿ?

ಚನ್ನವೀರಪ್ಪ

*

ರಾಂಚಿ
24 ಮಾರ್ಚ್ 2024

ಸಾರ್,

ನಿಮ್ಮ ಪತ್ರಗಳೆಲ್ಲ ಈಗಷ್ಟೇ ಸಿಕ್ಕವು. ಹೋದ ಕಡೆ ಎಲ್ಲೂ ನೆಟ್‌ವರ್ಕ್ ಇರಲಿಲ್ಲ.

ನಾನು ಹೇಳುವುದನ್ನು ಗಮನವಿಟ್ಟು ಓದಿ. ಮಾರ್ಚ್ ಎಂಟರಂದು ಕಳುಹಿಸಿದ ಸುತ್ತೋಲೆಯನ್ನು ಯಾರಿಗೂ ತೋರಿಸಬೇಡಿ. ಅಳಿಸಿಬಿಡಿ, ಪ್ರಿಂಟು ತೆಗೆಸಿದ್ದರೆ ಹರಿದುಹಾಕಿ. ಸದಸ್ಯರಿಗೂ ಫೋನ್ ಮಾಡಿ ಅಳಿಸಲು ಹೇಳಿ. ಪೊಲೀಸರು ಬಳಗದ ಬಗ್ಗೆ ಕೇಳಿದರೆ, ತಿಂಗಳಿಗೊಮ್ಮೆ ಸೇರಿ ಕಷ್ಟಸುಖ ಮಾತಾಡುತ್ತೇವೆ ಎಂದಷ್ಟೇ ಹೇಳಿ. ವಿಳಾಸದ ಬಗ್ಗೆ ನೀವಾಗಿ ಮಾತೆತ್ತಬೇಡಿ.

ಅವನು ಎಲ್ಲೋ ಮಾರ್ಕೆಟ್ಟಿನಲ್ಲಿ ಅವಳನ್ನು ನೋಡಿ ಹಿಂಬಾಲಿಸಿರುತ್ತಾನೆ. ಇಂಥ ಕೇಸುಗಳಲ್ಲಿ ಹೀಗೇ ಆಗುವುದು.

ವರಲಕ್ಷ್ಮಿ ಹೇಗಿದ್ದಾಳೆ?

ಮಾಲವಿಕಾ

*

ನಾಗರಬಾವಿ
1 ಏಪ್ರಿಲ್ 2024

ಮಾಲವಿಕಾ,

ವರಲಕ್ಷ್ಮಿ ಶನಿವಾರ ತೀರಿಕೊಂಡಳು. ಅವಳ ತಾಯಿ ಪಟಾಲಮ್ಮ ಮಾಗಡಿ ಕಡೆಯ ತಮ್ಮ ಊರಿಗೇ ತೆಗೆದುಕೊಂಡು ಹೋದರು. ನಾನೂ ಹೋಗಿ ಮಣ್ಣು ಹಾಕಿ ಬಂದೆ. ಉಗುರುಗಳಲ್ಲಿ ಇನ್ನೂ ಹಸಿರು ಬಣ್ಣವಿತ್ತು.

ನೀನು ಅಳಿಸಿಬಿಡಿ ಎಂದದ್ದನ್ನು ಎಷ್ಟೋ ಸಲ ಓದಿದೆ. ಸರ್ವಿಸಿನಲ್ಲಿ ನಾನು ಒಂದು ಚೀಟಿಯನ್ನೂ ನಾಶ ಮಾಡಿದವನಲ್ಲ. ತಪ್ಪಿಲ್ಲದ ಪತ್ರವನ್ನು ಯಾರಾದರೂ ಯಾಕೆ ಹರಿಯುತ್ತಾರೆ? ಮಾರ್ಚ್ ಎರಡರಂದು ನಿನಗೆ ಕರಡು ಕಳುಹಿಸಿದ ನಿಮಿಷಕ್ಕೇ ‘ತಲುಪಿದೆ’ ಎಂದು ನಿನ್ನ ಪತ್ರ ಬಂದಿತ್ತು. ಅಷ್ಟು ಬೇಗ ಯಾರಿಗೂ ಓದಲು ಆಗುವುದಿಲ್ಲ ಎಂದು ಈಗ ಹೊಳೆಯುತ್ತಿದೆ. ನಿನ್ನನ್ನು ದೂರುತ್ತಿಲ್ಲ. ಯಂತ್ರದ ಮಾತನ್ನು ಮನುಷ್ಯರ ಮಾತೆಂದು ತಿಳಿದವನು ನಾನು.

ಪೊಲೀಸರು ನೀಲಮ್ಮನನ್ನು ಮತ್ತೆ ಮತ್ತೆ ಸ್ಟೇಷನ್ನಿಗೆ ಕರೆಸುತ್ತಿದ್ದಾರೆ. ಓಣಿಯ ಹೆಂಗಸರು ಆಕೆಯ ಹತ್ತಿರ ಮಾತು ಬಿಟ್ಟಿದ್ದಾರೆ. ನಲ್ಲಿಯ ಹತ್ತಿರ ಬಂದರೆ ಕೊಡ ಎತ್ತಿಕೊಂಡು ಹೋಗುತ್ತಾರಂತೆ.

ನಿನಗೆ ಒಂದೇ ಪ್ರಶ್ನೆ. ಅವನಿಗೆ ವಿಳಾಸ ಸಿಕ್ಕಿದ್ದು ನನ್ನ ಪತ್ರದಿಂದಲೇ? ಹೌದು ಅಥವಾ ಇಲ್ಲ ಎಂದು ಬರೆ, ಸಾಕು.

ಚನ್ನವೀರಪ್ಪ

*

ರಾಂಚಿ
3 ಏಪ್ರಿಲ್ 2024

ಸಾರ್,

ಇಲ್ಲ.

ಬಿಸಿಸಿಯಲ್ಲಿ ಹೋದ ಪತ್ರ ಯಾರಿಗೆ ಹೋಗಬೇಕೋ ಅವರಿಗೆ ಮಾತ್ರ ಹೋಗುತ್ತದೆ. ನಿಮ್ಮದೇನೂ ತಪ್ಪಿಲ್ಲ. ಸೌಂದರ್ಯಾ ಹೋದಾಗ ಆದ ಹಾಗೆ ಊಟ ಬಿಟ್ಟು ಕೂರಬೇಡಿ, ನಿಮಗೆ ಕೈಮುಗಿಯುತ್ತೇನೆ. ನೀಲಮ್ಮನ ಮೇಲೆ ಸಾಕ್ಷಿಯಿಲ್ಲ, ನಾಲ್ಕು ದಿನ ಕರೆಸಿ ಬಿಟ್ಟುಬಿಡುತ್ತಾರೆ.

ನಾನು ಮುಂದಿನ ತಿಂಗಳು ಬರುತ್ತೇನೆ. ಅಲ್ಲಿಯವರೆಗೆ ಈ ವಿಷಯವನ್ನು ಕೆದಕಬೇಡಿ.

ಮಾಲವಿಕಾ

*

ನಾಗರಬಾವಿ
12 ಏಪ್ರಿಲ್ 2024

ಪೊಲೀಸ್ ಇನ್ಸ್‌ಪೆಕ್ಟರ್ ಅವರಿಗೆ,

ವಿಷಯ: ಮೃತ ವರಲಕ್ಷ್ಮಿಯವರ ವಿಳಾಸ ಹೊರಬಿದ್ದ ಬಗ್ಗೆ.

ಮಾನ್ಯರೇ,

ನಾನು ಚನ್ನವೀರಪ್ಪ, ನಿವೃತ್ತ ಶಾಖಾಧಿಕಾರಿ, ‘ಸೌಂದರ್ಯಾ ಬಳಗ’ದ ಪತ್ರವ್ಯವಹಾರ ನೋಡಿಕೊಳ್ಳುವವನು. ಮಾರ್ಚ್ 8ರಂದು ಬಳಗದ ಸದಸ್ಯರಿಗೆ ಇಮೇಲ್ ಮೂಲಕ ಒಂದು ಸುತ್ತೋಲೆ ಕಳುಹಿಸಿದ್ದೆ. ಅದರ ಕೆಳಗೆ ಪ್ರತಿ ಪಡೆಯುವ ಎಲ್ಲರ ಹೆಸರು, ವಿಳಾಸಗಳನ್ನು ನಾನೇ ಟೈಪು ಮಾಡಿದ್ದೆ. ವರಲಕ್ಷ್ಮಿಯ ಹಳೆಯ ಇಮೇಲಿಗೂ ಅದನ್ನು ಕಳುಹಿಸಿದೆ.

ಮೊನ್ನೆ ತಿಥಿಯ ದಿನ ಆಕೆಯ ತಾಯಿ ಪಟಾಲಮ್ಮನವರು ಮಗಳ ಫೋನನ್ನು ನನ್ನ ಕೈಗೆ ಕೊಟ್ಟು, ಇದರಲ್ಲಿ ಅವಳ ಫೋಟೋ ಇದ್ದರೆ ತೆಗೆಸಿಕೊಡಿ ಎಂದರು. ಅದರಲ್ಲಿ ನನ್ನ ಸುತ್ತೋಲೆಯನ್ನು ಕಂಡೆ. ಮೇಲೆ ನನ್ನದು ಬಿಟ್ಟರೆ ಯಾರ ಇಮೇಲೂ ಇರಲಿಲ್ಲ. ಕೆಳಗೆ ಎಲ್ಲರ ಮನೆಯೂ ಇತ್ತು. ಹಳೆಯ ಇಮೇಲಿನ ಬಗ್ಗೆ ಕೇಳಿದಾಗ ಆಕೆ ಹೇಳಿದ ಮಾತು: “ಅದು ಅಳಿಯಂದ್ರ ಫೋನಲ್ಲೇ ಇರೋದು ಸ್ವಾಮಿ, ಅವಳಿಗೆ ಏನೇ ಬಂದ್ರೂ ಮೊದ್ಲು ಅವನೇ ಓದೋನು.”

ಆದ್ದರಿಂದ ಆರೋಪಿಗೆ ವಿಳಾಸ ತಿಳಿದದ್ದು ನನ್ನ ಪತ್ರದಿಂದ. ಅವನ ಫೋನನ್ನು ಪರಿಶೀಲಿಸಿದರೆ ನಿಮಗೂ ಅದು ಸಿಗುತ್ತದೆ. ಶ್ರೀಮತಿ ನೀಲಮ್ಮನವರು ನಿರಪರಾಧಿ. ಆಕೆಯನ್ನು ಇನ್ನು ಕರೆಸಬಾರದೆಂದೂ, ಈ ಮಾತನ್ನು ಅವರ ಓಣಿಯ ಜನರ ಮುಂದೆಯೇ ಹೇಳಬೇಕೆಂದೂ ವಿನಂತಿ. ಉಳಿದ ಸದಸ್ಯರ ವಿಳಾಸಗಳೂ ಅವನ ಫೋನಿನಲ್ಲಿರುವುದರಿಂದ ಅವರಿಗೆ ರಕ್ಷಣೆ ಬೇಕು. ಇಬ್ಬರು ಆಗಲೇ ಮನೆ ಬದಲಾಯಿಸಿದ್ದಾರೆ.

ಸುತ್ತೋಲೆಯ ಕರಡನ್ನು ಕಳುಹಿಸುವ ಮುನ್ನ ನಾನು ಯಾರಿಗೂ ತೋರಿಸಿರಲಿಲ್ಲ, ಯಾರ ಸಲಹೆಯನ್ನೂ ಕೇಳಿರಲಿಲ್ಲ. ಇದರ ಪೂರ್ತಿ ಜವಾಬ್ದಾರಿ ನನ್ನೊಬ್ಬನದೇ. ಕರೆದಾಗ ಬರುತ್ತೇನೆ.

ತಮ್ಮ ವಿಶ್ವಾಸಿ,
ಚನ್ನವೀರಪ್ಪ

ಪ್ರತಿ, ಮಾಹಿತಿಗಾಗಿ:
1. ಶ್ರೀಮತಿ ನೀಲಮ್ಮ (ಖುದ್ದಾಗಿ ಕೊಡುತ್ತೇನೆ)
2. ಶ್ರೀಮತಿ ಪಟಾಲಮ್ಮ (ಅಂಚೆ ಮೂಲಕ)
3. ಕಡತಕ್ಕೆ

*

ರಾಂಚಿ
12 ಏಪ್ರಿಲ್ 2024

ಪೊಲೀಸ್ ಇನ್ಸ್‌ಪೆಕ್ಟರ್ ಅವರಿಗೆ,

ಚನ್ನವೀರಪ್ಪನವರು ಇಂದು ನಿಮಗೆ ಇಮೇಲಿನಲ್ಲಿ ಬರೆದ ಪತ್ರ ಬಿಸಿಸಿಯಲ್ಲಿ ನನಗೂ ಬಂದಿದೆ. ಅದರ ಕೆಳಗಿನ ಹೆಸರುಗಳಲ್ಲಿ ನನ್ನದಿಲ್ಲ. ಯಾರಿಗೆ ಪ್ರತಿ ಕೊಟ್ಟರೂ ಹೆಸರು ಹಾಕದೆ ಇದ್ದವರಲ್ಲ ಅವರು. ಇವತ್ತು ಮೊದಲ ಸಲ ಒಂದು ಹೆಸರು ಮುಚ್ಚಿಟ್ಟಿದ್ದಾರೆ, ನನ್ನನ್ನು ಉಳಿಸುವುದಕ್ಕೆ. ಬಿಸಿಸಿಯಲ್ಲಿದ್ದವರು ‘ರಿಪ್ಲೈ ಆಲ್’ ಒತ್ತಬಾರದೆಂದು ಅವರಿಗೆ ಕಲಿಸಿದವಳು ನಾನೇ. ಈಗ ಅದನ್ನೇ ಒತ್ತಿ ಬರೆಯುತ್ತಿದ್ದೇನೆ.

ಅವರ ಪತ್ರದಲ್ಲಿ ಒಂದು ಸುಳ್ಳಿದೆ. ಕರಡನ್ನು ಅವರು ಮಾರ್ಚ್ 2ರಂದು ನನಗೆ ಕಳುಹಿಸಿದ್ದರು. ಹೆಸರು, ವಿಳಾಸ ಹಾಕಬಹುದೇ, ಹಳೆಯ ಐಡಿಗೆ ಕಳುಹಿಸಬಹುದೇ ಎಂದು ಬಿಡಿಸಿ ಕೇಳಿದ್ದರು, ಗುರುವಾರದವರೆಗೆ ಕಾದಿದ್ದರು. ಆ ಪತ್ರವನ್ನು ಇದರೊಂದಿಗೆ ಲಗತ್ತಿಸಿದ್ದೇನೆ. ಎರಡು ದಿನಕ್ಕೊಂದು ಪತ್ರ ಬರುತ್ತಿದ್ದುದು ನನಗೆ ಕಿರಿಕಿರಿಯಾಗಿತ್ತು. ಅದಕ್ಕೇ ಅವರ ಪತ್ರಗಳು ನನ್ನ ಕಣ್ಣಿಗೆ ಬೀಳದೆ ನೇರವಾಗಿ ಒಂದು ಫೋಲ್ಡರಿಗೆ ಹೋಗಿ ಕೂರುವಂತೆ ಸೆಟ್ಟಿಂಗ್ ಮಾಡಿದ್ದೆ. ಬೇರೆ ಜಾಗವಿದೆ ಎಂದಾಗ ಅವರು ಅದನ್ನು ಮರ್ಯಾದೆ ಎಂದುಕೊಂಡರು, ನಾನು ತಿದ್ದಲಿಲ್ಲ.

ನೆಟ್‌ವರ್ಕ್ ಇರಲಿಲ್ಲ ಎಂದು ಆಮೇಲೆ ಬರೆದದ್ದು ನನ್ನ ಸುಳ್ಳು. ಮಾರ್ಚ್ 5ರಂದು ತಾಲ್ಲೂಕು ಕೇಂದ್ರವೊಂದರಲ್ಲಿ ಎಲ್ಲ ಇಮೇಲುಗಳನ್ನೂ ಓದಿದೆ, ಎಲ್ಲರಿಗೂ ಉತ್ತರ ಬರೆದೆ. ‘ನಾಗರಬಾವಿ’ ಎಂಬ ಫೋಲ್ಡರಿನ ಪಕ್ಕದಲ್ಲಿ ಹೊಸ ಪತ್ರಗಳ ಸಂಖ್ಯೆ ಕಾಣುತ್ತಿತ್ತು. ನಲ್ಲಿ ಮತ್ತೆ ಕೆಟ್ಟಿರಬೇಕು ಅಂದುಕೊಂಡು ತೆರೆಯಲಿಲ್ಲ. ತೆರೆದಿದ್ದರೆ ವರಲಕ್ಷ್ಮಿ ಬದುಕಿರುತ್ತಿದ್ದಳು.

ಅವನಿಗೆ ವಿಳಾಸ ಸಿಕ್ಕಿದ್ದು ತಮ್ಮ ಪತ್ರದಿಂದಲೇ ಏನು ಎಂದು ಅವರು ಕೇಳಿದಾಗ ಇಲ್ಲ ಎಂದೆ. ಅವರನ್ನು ಕಾಪಾಡುತ್ತಿದ್ದೇನೆ ಎಂದುಕೊಂಡಿದ್ದೆ. ಕಾಪಾಡಿಕೊಂಡದ್ದು ನನ್ನನ್ನು. ಅಷ್ಟರಲ್ಲಿ ನೀಲಮ್ಮ ಕೊಯ್ದ ಕೈ ಹೊತ್ತು ಸ್ಟೇಷನ್ನಿಗೆ ಅಲೆದರು.

ನಾಳೆಯ ರೈಲಿಗೆ ಹೊರಡುತ್ತೇನೆ. ನೇರ ನಿಮ್ಮ ಠಾಣೆಗೆ ಬರುತ್ತೇನೆ.

ಮಾಲವಿಕಾ

ಪ್ರತಿ, ಮಾಹಿತಿಗಾಗಿ:
1. ಶ್ರೀ ಚನ್ನವೀರಪ್ಪ, ನಾಗರಬಾವಿ
2. ಶ್ರೀಮತಿ ನೀಲಮ್ಮ (ಬಂದ ಮೇಲೆ ಓದಿ ಹೇಳುತ್ತೇನೆ)
3. ಶ್ರೀಮತಿ ಪಟಾಲಮ್ಮ (ಅವರ ಮನೆಗೇ ಹೋಗಿ ಓದಿ ಹೇಳುತ್ತೇನೆ)

ಇವರನ್ನು ಬಿಟ್ಟು ಬೇರೆ ಯಾರಿಗೂ ಈ ಪತ್ರದ ಪ್ರತಿ ಹೋಗಿಲ್ಲ.